ಬಸುರಿಯಲ್ಲಿ ಬಂದಿದ್ದ ಬಿಪಿ ಹೆರಿಗೆ ಆದ ಮೇಲೆ ಇಳಿದಿದೆ, ಇನ್ನು ಮರೆತುಬಿಡಬಹುದಾ?

ಏಳನೇ ತಿಂಗಳಲ್ಲಿ ಬಿಪಿ ಏರಿತ್ತು, ಮೂತ್ರದಲ್ಲಿ ಪ್ರೋಟೀನ್ ಬಂದಿತ್ತು, ಈಗ ಮಗುವಿಗೆ ಎರಡು ವರ್ಷ, ಎಲ್ಲಾ ನಾರ್ಮಲ್ ಅಂತ ಬರೆದಿದ್ದೀರಿ. ಮರೆಯಬೇಡಿ. ನಾನು ಮರೆತಿದ್ದೆ, ಅದಕ್ಕೇ ಹೇಳ್ತಿದ್ದೇನೆ.

ನನಗೂ ಪ್ರಿಎಕ್ಲಾಂಪ್ಸಿಯಾ, ಅಂದರೆ ನಿಮ್ಮ ಹಾಗೇ ಬಸುರಿಯಲ್ಲಿ ಬಿಪಿ ಏರಿ ಮೂತ್ರದಲ್ಲಿ ಪ್ರೋಟೀನ್ ಬರುವ ತೊಂದರೆ, ಆಗಿತ್ತು. ಪಾದ ಊದಿ ಚಪ್ಪಲಿ ಹಿಡಿಸುತ್ತಿರಲಿಲ್ಲ. 'ಬಸುರಿಗೆ ಕಾಲು ಊದೋದು ಮಾಮೂಲು' ಅಂತ ಅತ್ತೆ ಸಮಾಧಾನ ಮಾಡಿದ್ದರು. 35 ವಾರಕ್ಕೇ ಸಿಸೇರಿಯನ್ ಮಾಡಿದರು. ಬಾಣಂತನ ಮುಗಿಸಿ ತೋರಿಸಲು ಹೋದಾಗ ಹೊಲಿಗೆ ನೋಡಿದರು, ಮಗುವನ್ನು ತೂಗಿದರು, ಅಷ್ಟೇ. ಆಮೇಲೆ ಎಂಟು ವರ್ಷ ನನ್ನ ತೋಳಿಗೆ ಬಿಪಿ ಪಟ್ಟಿ ಸುತ್ತಿದವರೇ ಇಲ್ಲ. ನಾನೂ ಕೇಳಲಿಲ್ಲ ಬಿಡಿ.

ಕೊನೆಗೆ ಗೊತ್ತಾಗಿದ್ದು ಹಲ್ಲಿನ ಡಾಕ್ಟರ ಹತ್ತಿರ! ದವಡೆ ಹಲ್ಲು ಕೀಳಿಸಲು ಹೋಗಿದ್ದೆ. ಬಿಪಿ ನೋಡಿದರೆ 158/102. ಹಲ್ಲು ಮುಟ್ಟದೆ ವಾಪಸ್ ಕಳಿಸಿದರು. ಆಮೇಲೆ ನೋಡಿದ ಫಿಸಿಷಿಯನ್ ಮೊದಲು ಕೇಳಿದ್ದೇ, 'ಬಸುರಿಯಲ್ಲಿ ಬಿಪಿ ಇತ್ತೇನಮ್ಮಾ?' ಮನೆಗೆ ಬಂದು ಬೀರು ಕೆದಕಿದೆ. ಮದುವೆ ಸೀರೆ ಕೆಳಗೆ ತಾಯಿ ಕಾರ್ಡ್ ಸಿಕ್ಕಿತು. ಕೊನೆಯ ಸಾಲಿನಲ್ಲಿ 160/110, ಸುತ್ತ ಕೆಂಪು ಪೆನ್ನಿನ ಗೆರೆ.

ಈ ತೊಂದರೆ ಆದವರಿಗೆ ಮುಂದೆ ಕಾಯಂ ಬಿಪಿ ಬರುವ ಸಾಧ್ಯತೆ ಉಳಿದವರಿಗಿಂತ ಮೂರು ನಾಲ್ಕು ಪಟ್ಟು. ಹೃದಯಾಘಾತ, ಪಾರ್ಶ್ವವಾಯು ಸುಮಾರು ಎರಡು ಪಟ್ಟು. ಹೆರಿಗೆ ಬೇಗ ಮಾಡಿಸಬೇಕಾಗಿ ಬಂದಿದ್ದರೆ, ಎರಡನೇ ಸಲವೂ ಹೀಗೇ ಆಗಿದ್ದರೆ ಇನ್ನೂ ಜಾಸ್ತಿ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2011ರಲ್ಲೇ ಇದನ್ನು ಹೆಂಗಸರ ಹೃದ್ರೋಗದ ಅಪಾಯಗಳ ಪಟ್ಟಿಗೆ ಸೇರಿಸಿದೆ. ಹಾಗಂತ ಗಾಬರಿ ಬೇಡ. ಮೂವತ್ತರ ವಯಸ್ಸಿನಲ್ಲಿ ಹೃದಯಾಘಾತದ ಸಾಧ್ಯತೆಯೇ ಚಿಕ್ಕದು, ಅದರ ಎರಡು ಪಟ್ಟೂ ಚಿಕ್ಕದೇ. ವಯಸ್ಸಾದಂತೆ ಲೆಕ್ಕ ಬದಲಾಗುತ್ತದೆ, ಅಲ್ವಾ?

ಯಾಕೆ ಹೀಗೆ? ಮಾಸುಚೀಲದಿಂದ ರಕ್ತಕ್ಕೆ ಸೇರುವ ಕೆಲವು ಅಂಶಗಳು ರಕ್ತನಾಳದ ಒಳಪದರವನ್ನು ಕೆಡಿಸುತ್ತವೆ. ಮಾಸು ಬಿದ್ದ ಮೇಲೆ ಬಿಪಿ ಇಳಿಯುವುದು ಅದಕ್ಕೇ. ಆದರೆ ಕೆಲವರಲ್ಲಿ ನಾಳ ಪೂರ್ತಿ ಮೊದಲಿನಂತಾಗುವುದಿಲ್ಲ. ಇನ್ನು ಕೆಲವರ ನಾಳ ಮೊದಲೇ ಸ್ವಲ್ಪ ದುರ್ಬಲ ಇರುತ್ತದೆ, ಬಸುರಿಯ ಭಾರಕ್ಕೆ ಅದು ಹೊರಗೆ ಬೀಳುತ್ತದೆ.

ಈಗ ಮಾಡಬೇಕಾದದ್ದು ದೊಡ್ಡದೇನಲ್ಲ. ವರ್ಷಕ್ಕೊಮ್ಮೆಯಾದರೂ ಬಿಪಿ ನೋಡಿಸಿ. ಸಕ್ಕರೆ, ಕೊಲೆಸ್ಟ್ರಾಲ್, ಮೂತ್ರದ ಪ್ರೋಟೀನ್ ಎಷ್ಟು ಸಲ ನೋಡಿಸಬೇಕು ಅಂತ ನಿಮ್ಮ ಡಾಕ್ಟರನ್ನೇ ಕೇಳಿ. ತಲೆನೋವಿಲ್ಲ, ಹಾಗಾಗಿ ಬಿಪಿ ಇಲ್ಲ ಅನ್ನಬೇಡಿ. 158 ಇದ್ದಾಗ ನನಗೆ ನೋಯುತ್ತಿದ್ದದ್ದು ಹಲ್ಲು ಮಾತ್ರ. ಉಪ್ಪು ದಿನಕ್ಕೆ ಐದು ಗ್ರಾಂ ಒಳಗೆ, ಅಂದರೆ ಒಂದು ಟೀ ಚಮಚದಷ್ಟು ಸಾಕು. ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿ ಎಲ್ಲಾ ಆ ಲೆಕ್ಕದಲ್ಲೇ. ನನಗೆ ಬಾಳಕ ಬಿಡೋದೇ ಕಷ್ಟವಾಯಿತು.

ಗರ್ಭನಿರೋಧಕ ಮಾತ್ರೆ ಬರೆಸುವ ಮೊದಲು ಈ ವಿಷಯ ಹೇಳಿ, ಈಸ್ಟ್ರೋಜನ್ ಇರುವ ಮಾತ್ರೆ ಬಿಪಿ ಏರಿಸಬಹುದು. ಇನ್ನೊಂದು ಮಗು ಬೇಕೆನ್ನಿಸಿದರೆ ಮೊದಲೇ ತೋರಿಸಿ. ಮೂರು ತಿಂಗಳು ತುಂಬುವ ಹೊತ್ತಿಗೆ ಕಡಿಮೆ ಡೋಸಿನ ಆಸ್ಪಿರಿನ್ ಶುರು ಮಾಡಿದರೆ ಇದು ಮತ್ತೆ ಬರುವ ಸಾಧ್ಯತೆ ತಗ್ಗುತ್ತದೆ. ಆದರೆ ಸುಮ್ನೆ ಮೆಡಿಕಲ್ ಶಾಪಿನಲ್ಲಿ ಕೇಳಿ ನುಂಗಬೇಡಿ.

ತಾಯಿ ಕಾರ್ಡ್ ಎಲ್ಲಿದೆ ಅಂತ ಇವತ್ತೇ ನೋಡಿ, ಫೋನಿನಲ್ಲಿ ಫೋಟೋ ಇಟ್ಟುಕೊಳ್ಳಿ. ನನ್ನದನ್ನು ಹಲ್ಲಿನ ಡಾಕ್ಟರಿಗೂ ತೋರಿಸಿದೆ. ಬಿಪಿ ಹತೋಟಿಗೆ ಬಂದ ಮೇಲೆ ಹಲ್ಲು ಕಿತ್ತರು.