ಕಲಬುರಗಿಯಿಂದ ಆಫ್ರಿಕಾಕ್ಕೆ ವನ್ಯಜೀವಿ ಸ್ವಯಂಸೇವಕರಾಗಿ ಹೋಗಲು ಏನು ತಯಾರಿ ಬೇಕು?

ಸ್ವಯಂಸೇವಾ ಶಿಬಿರಕ್ಕೆ ರೊಕ್ಕ ಕಟ್ಟುವ ಮೊದಲು ಒಂದು ಪ್ರಶ್ನೆ ಕೇಳಿ: ಅಲ್ಲಿ ಸಿಂಹದ ಮರಿ ಎತ್ತಿಕೊಂಡು ಫೋಟೊ ತೆಗೆಸಿಕೊಳ್ಳಬಹುದೇ? ಹೌದು ಅಂದರೆ ಆ ಶಿಬಿರ ಬೇಡವೇ ಬೇಡ. ದಕ್ಷಿಣ ಆಫ್ರಿಕಾದಲ್ಲಿ ಸ್ವಯಂಸೇವಕರು ಬಾಟಲಿ ಹಾಲು ಕುಡಿಸಿ ಬೆಳೆಸಿದ ಮರಿಗಳು ದೊಡ್ಡವಾದ ಮೇಲೆ ಬೇಲಿಯೊಳಗಿನ ಬೇಟೆಗೆ, ಅಂದರೆ ತಪ್ಪಿಸಿಕೊಳ್ಳಲಾಗದಂತೆ ಕೂಡಿಹಾಕಿದ ಪ್ರಾಣಿಗೆ ಹಣ ಕೊಟ್ಟವರು ಗುಂಡಿಕ್ಕುವ ಬೇಟೆಗೆ, ಮಾರಾಟವಾಗಿವೆ. ಕೈಯಲ್ಲಿ ಬೆಳೆದು ಮನುಷ್ಯರ ಭಯ ಕಳೆದುಕೊಂಡ ಸಿಂಹವನ್ನು ಕಾಡಿಗೆ ಬಿಡಲಾಗದು. ನಿಜವಾದ ಸಂರಕ್ಷಣೆಯಲ್ಲಿ ಪ್ರಾಣಿಯನ್ನು ಮುಟ್ಟುವುದೇ ಅಪರೂಪ: ಕ್ಯಾಮೆರಾ ಟ್ರ್ಯಾಪ್ (ಪ್ರಾಣಿ ಎದುರು ಬಂದಾಗ ತಾನೇ ಚಿತ್ರ ತೆಗೆಯುವ ಕ್ಯಾಮೆರಾ) ಚಿತ್ರ ವಿಂಗಡಿಸುವುದು, ಪೊದೆಗಳಲ್ಲಿ ಕಟ್ಟಿದ ತಂತಿ ಉರುಳು ಹುಡುಕಿ ಬಿಚ್ಚುವುದು, ಕಳೆ ಕೀಳುವುದು. ಇದು ನಿಮಗೆ ಒಗ್ಗುತ್ತದೆಯೇ ಎಂದು ತಿಳಿಯಲು ಮೊದಲು ಚಿಂಚೋಳಿ ಕಾಡಿನಲ್ಲೋ ಸುರಪುರದ ಬೋನಾಳ ಕೆರೆಯಲ್ಲೋ ಪಕ್ಷಿಗಣತಿ ಮಾಡಿನೋಡಿ.

ಪಾಸ್‌ಪೋರ್ಟ್ ಕೆಲಸ ಕಲಬುರಗಿಯಲ್ಲೇ ಆಗುತ್ತದೆ. ಸಂಬಳವಿಲ್ಲದಿದ್ದರೂ ಸ್ವಯಂಸೇವೆಗೆ ಪ್ರವಾಸಿ ವೀಸಾ ಎಲ್ಲೆಡೆ ಸಾಲದು; ಏಜೆಂಟರನ್ನಲ್ಲ, ರಾಯಭಾರ ಕಚೇರಿಯನ್ನೇ ಕೇಳಿ.

ಕೆನ್ಯಾ, ಉಗಾಂಡಕ್ಕೆ ಹಳದಿ ಜ್ವರದ ಲಸಿಕೆ ಬೇಕು. ಅಧಿಕೃತ ಕೇಂದ್ರದಲ್ಲೇ ಹಾಕಿಸಬೇಕು, ನಮಗೆ ಹೈದರಾಬಾದ್ ಹತ್ತಿರ. ಚುಚ್ಚಿಸಿಕೊಂಡ 10 ದಿನಗಳ ನಂತರವಷ್ಟೇ ಲಸಿಕೆ ಕಾರ್ಡಿಗೆ ಮಾನ್ಯತೆ. ಕಾರ್ಡ್ ಇಲ್ಲದೆ ಮರಳಿದರೆ ಭಾರತದ ವಿಮಾನ ನಿಲ್ದಾಣದಲ್ಲೇ 6 ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ರೇಬೀಸ್ ಮುನ್ನೆಚ್ಚರಿಕೆ ಲಸಿಕೆ, ಮಲೇರಿಯಾ ಮಾತ್ರೆಗಳ ಬಗ್ಗೆಯೂ ವೈದ್ಯರನ್ನು ಕೇಳಿ. ಮಾತ್ರೆಯನ್ನು ಊರಿಗೆ ಮರಳಿದ ತಕ್ಷಣ ನಿಲ್ಲಿಸುವುದೇ ಹೆಚ್ಚಿನವರ ತಪ್ಪು. ಡಾಕ್ಸಿಸೈಕ್ಲಿನ್ ಆದರೆ 4 ವಾರ ಮುಂದುವರಿಸಬೇಕು.

ಬಿಡುವಿನ ದಿನ ರಾಫ್ಟಿಂಗ್ (ರಭಸದ ನದಿಯಲ್ಲಿ ದೋಣಿಯಾನ), ಬಂಜಿ (ಹಗ್ಗ ಕಟ್ಟಿಕೊಂಡು ಎತ್ತರದಿಂದ ಜಿಗಿತ) ಮಾಡುವ ಆಸೆ ಇದ್ದರೆ, ಸಾಮಾನ್ಯ ಪ್ರಯಾಣ ವಿಮೆ ಅಂಥ ಅಪಘಾತಗಳನ್ನು ಹೆಚ್ಚಾಗಿ ಹೊರಗಿಡುತ್ತದೆ. ಸಾಹಸ ಕ್ರೀಡೆ, ತುರ್ತು ವೈದ್ಯಕೀಯ ಸಾಗಣೆ ಎರಡೂ ಪಾಲಿಸಿಯಲ್ಲಿ ಬರೆದಿವೆಯೇ ನೋಡಿ.

ಜೂನ್‌ನಿಂದ ಆಗಸ್ಟ್ ದಕ್ಷಿಣ ಆಫ್ರಿಕಾದಲ್ಲಿ ಚಳಿಗಾಲ. ನಸುಕಿನ ತೆರೆದ ಜೀಪಿಗೆ ಸ್ವೆಟರ್, ಕಿವಿ ಮುಚ್ಚುವ ಟೋಪಿ ಇರಲೇಬೇಕು.