ಬಣ್ಣದ ಗಾಜಿನ ಕಿಟಕಿಯಲ್ಲಿ ನಿಮಗೆ ಅಂಥದ್ದೇನು ಕಾಣುತ್ತದೆ?

ಬಣ್ಣದ ಗಾಜು ಚರ್ಚಿಗೆ ಸರಿ, ಮನೆಗೆ ಹಾಕಿಸಿದರೆ ದುಡ್ಡಿದ್ದವರ ಶೋಕಿಯಲ್ಲವೇ, ಅದರಲ್ಲಿ ಅಂಥದ್ದೇನಿದೆ ಎಂದು ಕೇಳಿದ್ದೀರಿ. ನಾನು ಚಿಕ್ಕಮಗಳೂರಿನಲ್ಲಿ ಇದೇ ಕೆಲಸ ಮಾಡುವವನು. ಹೆಚ್ಚಾಗಿ ಮೂಡಿಗೆರೆ, ಸಕಲೇಶಪುರ ಕಡೆಯ ಹಳೇ ತೋಟದ ಮನೆಗಳಲ್ಲಿ ಬಾಗಿಲ ಮೇಲಿನ ಬಣ್ಣದ ಗಾಜುಗಳ ರಿಪೇರಿ, ಅಪರೂಪಕ್ಕೊಮ್ಮೆ ಹೊಸ ಕಿಟಕಿ.

ಶೋಕಿಯ ಮಾತಿಗೆ ಮೊದಲು ಉತ್ತರಿಸುತ್ತೇನೆ. ಮೂಡಿಗೆರೆ ಹತ್ತಿರದ ಒಂದು ಮನೆಯಲ್ಲಿ ಬಿರುಕು ಬಿಟ್ಟ ಹಸಿರು ಗಾಜೊಂದನ್ನು ಬದಲಾಯಿಸಲು ಹೊರಟಿದ್ದೆ. ಮನೆಯ ಹಿರಿಯಮ್ಮ ತಡೆದರು. "ಬೇರೆ ಯಾವುದಾದ್ರೂ ತೆಗೀರಿ, ಅದೊಂದು ಬೇಡ. ಅದರ ಬಿಸಿಲು ದೇವರ ಕೋಣೆ ಹೊಸಲಿಗೆ ಬಂದಾಗ ನಮ್ಮತ್ತೆ ಅನ್ನಕ್ಕೆ ಇಡ್ತಿದ್ರು" ಎಂದರು. ಬಣ್ಣದ ಗಾಜಿನ ತುಂಡುಗಳನ್ನು ಒಂದಕ್ಕೊಂದು ಜೋಡಿಸುವುದು ಸೀಸದ ಪಟ್ಟಿಯಿಂದ; ಬಿರುಕಿನ ಉದ್ದಕ್ಕೂ ಅಂಥದ್ದೇ ಸಣ್ಣದೊಂದು ಸೀಸದ ಎಳೆ ಕೂರಿಸಿ ಅದೇ ಗಾಜನ್ನು ಉಳಿಸಿಕೊಟ್ಟೆ. ಯುರೋಪಿನ ಹಳೆಯ ಚರ್ಚುಗಳ ಕಿಟಕಿಗಳಲ್ಲೂ, ಮುಖದ ಮೇಲೆ ಅಡ್ಡಾದಿಡ್ಡಿ ಕರಿ ಗೆರೆ ಕಂಡರೆ ಎಷ್ಟೋ ಸಲ ಅದು ಹೀಗೆ ಬಿರುಕು ಕೂಡಿಸಿದ ಸೀಸವೇ.

ಇನ್ನು ಕಸುಬಿನ ಮಾತು. ಗಾಜಿಗೆ ಮೇಲಿನಿಂದ ಬಣ್ಣ ಬಳಿದಿರುತ್ತಾರೆ ಎಂದುಕೊಂಡವರೇ ಬಹಳ ಜನ. ಬಣ್ಣ ಸೇರುವುದು ಕುಲುಮೆಯಲ್ಲಿ, ಗಾಜು ಕರಗಿರುವಾಗಲೇ. ಕೋಬಾಲ್ಟ್ ನೀಲಿ ಕೊಡುತ್ತದೆ, ಮ್ಯಾಂಗನೀಸ್ ನೇರಳೆ. ತಾಮ್ರದ ಗುಣ ಮಾತ್ರ ವಿಚಿತ್ರ. ಕುಲುಮೆಯಲ್ಲಿ ಗಾಳಿ ಚೆನ್ನಾಗಿ ಆಡಿದರೆ ಹಸಿರು ಅಥವಾ ನೀಲಿ, ಗಾಳಿ ಕಡಿಮೆಯಾದರೆ ಕೆಂಪು. ಆ ಕೆಂಪು ಎಷ್ಟು ದಟ್ಟವೆಂದರೆ ಪೂರ್ತಿ ದಪ್ಪಕ್ಕೆ ಹಾಕಿದರೆ ಕಪ್ಪಾಗಿ ಕಾಣುತ್ತದೆ. ಅದಕ್ಕೇ ಬಿಳಿ ಗಾಜಿನ ಮೇಲೆ ತೆಳ್ಳನೆಯ ಪದರವಾಗಿ ಕೂರಿಸುತ್ತಾರೆ. ಕಣ್ಣು, ಮೂಗು, ಬಟ್ಟೆಯ ನೆರಿಗೆಗಳನ್ನು ಲೋಹದ ಆಕ್ಸೈಡು ಮತ್ತು ಗಾಜಿನ ಪುಡಿ ಕಲಸಿ ಬರೆದು ಮತ್ತೊಮ್ಮೆ ಸುಡುತ್ತಾರೆ. ನನಗೆ ಇವತ್ತಿಗೂ ಮೈ ಜುಮ್ಮೆನಿಸುವುದು ಬೆಳ್ಳಿಯ ಕೆಲಸ. ಬೆಳ್ಳಿಯ ಲವಣ ಬಳಿದು ಸುಟ್ಟರೆ ಹಳದಿ ಗಾಜಿನೊಳಕ್ಕೇ ಇಳಿಯುತ್ತದೆ. ಯುರೋಪಿನ ಕಿಟಕಿಗಳಲ್ಲಿ ಇದು 14ನೇ ಶತಮಾನದ ಆರಂಭದಿಂದ ಕಾಣಿಸುತ್ತದೆ. ಅಲ್ಲಿಂದಾಚೆಗೆ ಒಂದೇ ತುಂಡಿನಲ್ಲಿ ಬಿಳಿ ಮುಖ, ಹೊಂಬಣ್ಣದ ಕೂದಲು ಎರಡೂ ಸಾಧ್ಯವಾದವು, ನಡುವೆ ಸೀಸದ ಗೆರೆ ಬೇಕಾಗಲಿಲ್ಲ.

ನಾನು ಈ ಕಸುಬಿಗೆ ಅಂಟಿಕೊಂಡಿದ್ದಕ್ಕೆ ಕಾರಣ ಹಾಸನ ಜಿಲ್ಲೆಯಲ್ಲೇ ಇದೆ. ಬೇಲೂರಿನ ಚೆನ್ನಕೇಶವ ದೇವಾಲಯ 1117ರದ್ದು. ಮೊದಲು ತೆರೆದಿದ್ದ ಅದರ ಮಂಟಪಕ್ಕೆ ಕಲ್ಲಿನ ಜಾಲಂಧ್ರಗಳು ಬಂದದ್ದು ಎರಡನೇ ವೀರಬಲ್ಲಾಳನ ಕಾಲದಲ್ಲಿ. ನಮ್ಮ ಬಿಸಿಲು ಜಾಸ್ತಿ. ಅದನ್ನು ಕಲ್ಲಿನ ತೂತುಗಳಲ್ಲಿ ಸೋಸಿ ಒಳಗೆ ಬಿಟ್ಟರು. ಗೊರೂರು ಅಣೆಕಟ್ಟೆಯ ಹಿನ್ನೀರಿನಲ್ಲಿರುವ ಶೆಟ್ಟಿಹಳ್ಳಿ ಚರ್ಚನ್ನೂ ನೋಡಿ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು, ಈಗ ಚಾವಣಿಯೂ ಇಲ್ಲ, ಕಿಟಕಿಗಳಲ್ಲಿ ಗಾಜೂ ಇಲ್ಲ. ಆದರೂ ಚೂಪು ಕಮಾನು ಯಾಕೆ ಬೇಕಿತ್ತೆಂದು ನನಗೆ ಅರ್ಥವಾದದ್ದು ಅಲ್ಲಿ. ಅಂಥ ಕಮಾನು ಭಾರವನ್ನು ಕಂಬಗಳಿಗೆ ಇಳಿಸುತ್ತದೆ, ನಡುವಿನ ಗೋಡೆಗೆ ಹೊರೆ ಕಡಿಮೆ, ಅಲ್ಲಿ ಎತ್ತರದ ಕಿಟಕಿ ಬಿಡಬಹುದು. ಮೋಡ ಮುಸುಕಿದ ಉತ್ತರ ಫ್ರಾನ್ಸಿನವರಿಗೆ ಬೆಳಕು ಸಾಲದು, ಗೋಡೆಯನ್ನೇ ಗಾಜು ಮಾಡಿಕೊಂಡರು. ಪ್ಯಾರಿಸ್ಸಿನ ಹಳೇ ಚರ್ಚು ಸೇಂಟ್ ಶಾಪೆಲ್‌ನಲ್ಲಿ (ಅದು 1248ರದ್ದು) ಮೇಲಂತಸ್ತಿನಲ್ಲಿ ಗೋಡೆ ಎನ್ನುವುದೇ ಹೆಚ್ಚುಕಡಿಮೆ ಇಲ್ಲ.

ನಮ್ಮ ಮಲೆನಾಡಿಗೆ ಈ ಎರಡೂ ಕಾಲಗಳಿವೆ. ಮಾರ್ಚಿನಲ್ಲಿ ಕಣ್ಣು ಕುಕ್ಕುವ ಬಿಸಿಲು, ಜೂನ್ ಬಂತೆಂದರೆ ಹಗಲೆಲ್ಲ ಮಬ್ಬು. ಬೆಳಕು ಇಳಿದಂತೆ ನಮ್ಮ ಕಣ್ಣಿಗೆ ಕೆಂಪು ಬೇಗ ಕಪ್ಪಾಗುತ್ತದೆ, ನೀಲಿ ಕೊನೆಯವರೆಗೆ ನಿಲ್ಲುತ್ತದೆ. ಚೆಕ್ ವಿಜ್ಞಾನಿ ಪುರ್ಕಿನ್ಯೆ 19ನೇ ಶತಮಾನದಲ್ಲೇ ಇದನ್ನು ಗುರುತಿಸಿದ್ದ. ಅಂಗಡಿಯ ಟ್ಯೂಬ್‌ಲೈಟಿನಡಿ ಗಾಜು ಆರಿಸಿದರೆ ಇದು ಗೊತ್ತಾಗುವುದೇ ಇಲ್ಲ. ಅದಕ್ಕೇ ನಾನು ತುಂಡುಗಳನ್ನು ಮನೆಗೇ ಒಯ್ದು, ಆ ಕಿಟಕಿಗೇ ಒರಗಿಸಿ, ಬೆಳಗ್ಗೆ ಒಮ್ಮೆ ಸಂಜೆ ಒಮ್ಮೆ ನೋಡುತ್ತೇನೆ. ಸಾಧ್ಯವಾದರೆ ಮಳೆಗಾಲದಲ್ಲೇ.

ನೀವೂ ಮಾಡಿಸುವ ಯೋಚನೆಯಲ್ಲಿದ್ದರೆ ಪ್ಲಾಸ್ಟಿಕ್ ಫಿಲ್ಮ್ ಅಂಟಿಸಿದ್ದನ್ನು ಕೊಳ್ಳಬೇಡಿ. ಬಿಸಿಲಿಗೆ ಬಣ್ಣ ಮಾಸುತ್ತದೆ, ಅಂಚು ಏಳುತ್ತದೆ. ಗಾಜಿನ ಅಂಚನ್ನು ನೋಡಿದರೆ ಬಣ್ಣ ಒಳಗಿದೆಯೋ ಮೇಲಿದೆಯೋ ತಿಳಿಯುತ್ತದೆ. ಸೀಸದ ಪಟ್ಟಿಗೂ ಗಾಜಿಗೂ ನಡುವೆ ಸೀಮೆಸುಣ್ಣದ ಪುಡಿ ಮತ್ತು ಅಗಸೆ ಎಣ್ಣೆ ಕಲಸಿದ ಲಪ್ಪ ಚೆನ್ನಾಗಿ ತುಂಬಿರಬೇಕು, ಇಲ್ಲದಿದ್ದರೆ ಮೊದಲ ಮಳೆಗೇ ನೀರು ಒಳಗೆ. ಸೀಸ ವಿಷ, ಹಾಗಾಗಿ ಚಿಕ್ಕ ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿ, ಬಾಗಿಲ ಮೇಲೆ ಹಾಕಿಸಿ. ಮತ್ತೆ ಕೆಲಸದವರು ಬಣ್ಣ ಕೇಳುವ ಮೊದಲು ಕಿಟಕಿ ಯಾವ ದಿಕ್ಕಿಗಿದೆ ಎಂದು ಕೇಳದಿದ್ದರೆ, ಬೇರೆಯವರನ್ನು ಹುಡುಕಿ.