ಸಿಡಿಯದ ಸೋರಿಕೆಗೂ ಗಡುವು ಬೇಕೇ?

ಅನಿಲ ಪೈಪ್‌ಲೈನ್ ಸೋರಿಕೆಯ ಕುರಿತು ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ ದಾವಣಗೆರೆಯ ಓದುಗರೊಬ್ಬರು ಬರೆದಿದ್ದಾರೆ: "ಸ್ಫೋಟದ ಅಪಾಯವಿರುವ ಸೋರಿಕೆಯನ್ನು ಕೂಡಲೇ ಸರಿಪಡಿಸಲಿ, ಒಪ್ಪುತ್ತೇನೆ. ಆದರೆ ಯಾರಿಗೂ ತೊಂದರೆ ಕೊಡದೆ ಬಯಲಲ್ಲಿ ಸೋರುವ ಚೂರುಪಾರು ಗ್ಯಾಸಿಗೂ ಗಡುವು ಹಾಕಿ ರಸ್ತೆ ಅಗೆಸಿದರೆ ಆ ಖರ್ಚು ಕೊನೆಗೆ ನಮ್ಮ ಬಿಲ್ಲಿಗೇ ಬರುವುದಿಲ್ಲವೇ? ಹವಾಮಾನದ ಮಾತೇ ಬೇರೆ, ಸುರಕ್ಷತೆಯ ಮಾತೇ ಬೇರೆ. ಎರಡನ್ನೂ ಒಂದೇ ನಿಯಮಕ್ಕೆ ಯಾಕೆ ಗಂಟುಹಾಕಬೇಕು? ನಮ್ಮ ಬೀದಿಗೂ ಪೈಪ್ ಗ್ಯಾಸ್ ಬರುತ್ತಿದೆ. ನಾವೇನು ನೋಡಿಕೊಳ್ಳಬೇಕು ತಿಳಿಸಿ."

ನೀವು ಹೇಳುವ ಹಾದಿಯಲ್ಲೇ ಅಮೆರಿಕ ದಶಕಗಳ ಕಾಲ ನಡೆದಿದೆ. ಅದರಿಂದ ಏನಾಯಿತು ಎಂಬುದನ್ನು ನೋಡಿದರೆ ನಿಮ್ಮ ಪ್ರಶ್ನೆಗೆ ಉತ್ತರ ಸಿಗುತ್ತದೆ.

ಅಲ್ಲಿನ ಅನಿಲ ಉದ್ಯಮ ಸೋರಿಕೆಗಳನ್ನು ಮೂರು ದರ್ಜೆಗೆ ಹಾಕುತ್ತದೆ. ಗ್ಯಾಸ್ ಕಟ್ಟಡದೊಳಕ್ಕೋ ಗೋಡೆಯ ಬುಡಕ್ಕೋ ಬಂದಿದ್ದರೆ ಒಂದನೇ ದರ್ಜೆ. ಆಗ ಕೂಡಲೇ ಹೋಗಬೇಕು, ಅಪಾಯ ನೀಗುವವರೆಗೆ ಜಾಗ ಬಿಡುವಂತಿಲ್ಲ. ಸದ್ಯಕ್ಕೆ ಅಪಾಯವಿಲ್ಲ, ಮುಂದೆ ಆಗಬಹುದು ಎನಿಸಿದರೆ ಎರಡನೇ ದರ್ಜೆ. ಇದರ ದುರಸ್ತಿಗೆ ಒಂದು ವರ್ಷ, ಹೆಚ್ಚೆಂದರೆ 15 ತಿಂಗಳು. ಅಪಾಯವಿಲ್ಲ, ಆಗುವ ಲಕ್ಷಣವೂ ಇಲ್ಲ ಎಂದರೆ ಮೂರನೇ ದರ್ಜೆ. ಇದನ್ನು ದಾಖಲೆಯಲ್ಲಿ ಬರೆದಿಟ್ಟು ಆಗಾಗ ಹೋಗಿ ಅಳೆದು ಬಂದರೆ ಸಾಕಿತ್ತು. ಮುಚ್ಚಲು ಗಡುವೇ ಇರಲಿಲ್ಲ. ಹಾಗಾಗಿ ವರ್ಷಗಟ್ಟಲೆ ಸೋರುತ್ತಲೇ ಉಳಿದ ಪೈಪುಗಳಿದ್ದವು.

ಈ ಲೆಕ್ಕದಲ್ಲಿ ಒಂದು ದೊಡ್ಡ ಕೊರತೆಯಿದೆ. ಗ್ಯಾಸ್ ಮನೆಗೆ ಎಷ್ಟು ಹತ್ತಿರ ಬಂದಿದೆ ಎಂದು ಅದು ನೋಡುತ್ತದೆ, ಎಷ್ಟು ಸೋರುತ್ತಿದೆ ಎಂದು ನೋಡುವುದೇ ಇಲ್ಲ. ಪಾರ್ಕಿನ ಅಡಿ ಭರ್ತಿ ಸೋರುವ ಪೈಪು ಮೂರನೇ ದರ್ಜೆಗೆ ಬಿದ್ದುಬಿಡುತ್ತದೆ. ಬಾಸ್ಟನ್ ನಗರದ ಸುತ್ತ 100 ಸೋರಿಕೆಗಳನ್ನು ಅಳೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅವುಗಳಲ್ಲಿ ಬರೀ 7 ಸೋರಿಕೆಗಳಿಂದಲೇ ಒಟ್ಟು ಅನಿಲದ ಅರ್ಧದಷ್ಟು ಹೊರಹೋಗುತ್ತಿತ್ತು. ಅಲ್ಲಿನ ಎಷ್ಟೋ ಪೈಪುಗಳು ಶತಮಾನದಷ್ಟು ಹಳೆಯ ಬೀಡುಕಬ್ಬಿಣದವು, ಅವುಗಳ ಕೀಲುಗಳು ಸಡಿಲವಾಗಿ ಸೋರುತ್ತವೆ.

ದೊಡ್ಡ ಸೋರಿಕೆಯನ್ನು ಅದರ ಹರವಿನಿಂದ, ಎಂದರೆ ಗ್ಯಾಸ್ ನೆಲದಡಿ ಎಷ್ಟು ಜಾಗಕ್ಕೆ ಹಬ್ಬಿದೆ ಎಂಬುದರಿಂದ, ಗುರುತಿಸಬಹುದು. ಅದು ದುಬಾರಿ ಕೆಲಸವೇನಲ್ಲ. ಸೋರಿಕೆಯ ಅನುಮಾನವಿರುವ ಕಡೆ ಸಲಾಕೆಯಿಂದ ನೆಲಕ್ಕೆ ಸಣ್ಣ ತೂತು ಹೊಡೆದು, ಅಳೆಯುವ ಯಂತ್ರದ ನಳಿಗೆಯನ್ನು ಒಳಕ್ಕಿಳಿಸಿ, ಮಣ್ಣಿನೊಳಗಿನ ಗಾಳಿಯಲ್ಲಿ ಗ್ಯಾಸ್ ಶೇಕಡಾ ಎಷ್ಟಿದೆ ಎಂದು ನೋಡುತ್ತಾರೆ. ಒಂದೊಂದೇ ತೂತು ಹೊಡೆಯುತ್ತ ನಾಲ್ಕೂ ದಿಕ್ಕಿಗೆ ಸರಿದು ಸೊನ್ನೆ ಬಂದಲ್ಲಿ ನಿಲ್ಲುತ್ತಾರೆ. ಆ ಕೊನೆಯ ತೂತುಗಳನ್ನು ಸೇರಿಸಿ ಗೆರೆ ಎಳೆದರೆ ಗ್ಯಾಸ್ ಎಷ್ಟು ದೂರ ಹಬ್ಬಿದೆ ಎಂಬ ನಕ್ಷೆ ಸಿದ್ಧ. ಮ್ಯಾಸಚೂಸೆಟ್ಸ್ ರಾಜ್ಯ ಈ ಹರವನ್ನೇ ಅಳತೆಗೋಲಾಗಿ ಹಿಡಿಯಿತು: ಮೂರನೇ ದರ್ಜೆಯದಾದರೂ ಹರವು 2,000 ಚದರ ಅಡಿ ಮುಟ್ಟಿದರೆ ದುರಸ್ತಿಗೆ ಗಡುವು ಬೀಳುತ್ತದೆ. ನೂರು ಕಡೆ ಅಗೆಯುವ ಬದಲು ಏಳೆಂಟು ಕಡೆ ಅಗೆದು ಅರ್ಧ ಸೋರಿಕೆ ನಿಲ್ಲಿಸುವ ದಾರಿಯಿದು. ಖರ್ಚಿನ ಬಗ್ಗೆ ನಿಮಗಿರುವ ಚಿಂತೆಗೂ ಇದೇ ಸರಿಯಾದ ಉತ್ತರವೆಂದು ನಮ್ಮ ಅಭಿಪ್ರಾಯ.

ದಿನಕ್ಕೆ 10 ಕಿಲೋ ಸೋರುವ ಒಂದು ಪೈಪನ್ನು ತೆಗೆದುಕೊಳ್ಳಿ. ಅದು ಸುಮಾರು 15 ಘನ ಮೀಟರ್ ಗ್ಯಾಸ್. ತಿಂಗಳಿಗೆ 15 ಘನ ಮೀಟರ್ ಉರಿಸುವ 30 ಮನೆಗಳ ಅಡುಗೆಗೆ ಸಾಕು. ಇಂಥ ನಷ್ಟದ ಬೆಲೆಯನ್ನು ಅಮೆರಿಕದ ಹಲವು ರಾಜ್ಯಗಳಲ್ಲಿ ಗ್ರಾಹಕರ ದರಕ್ಕೇ ಸೇರಿಸುತ್ತಾರೆ. ಎಂದರೆ ಸೋರಲು ಬಿಟ್ಟರೂ ಖರ್ಚು ಬಿಲ್ಲಿಗೇ ಬರುತ್ತದೆ. ಇನ್ನು ಹವಾಮಾನದ ಲೆಕ್ಕ: ಪೈಪ್ ಗ್ಯಾಸಿನ ಬಹುಪಾಲು ಮೀಥೇನ್. ಪಳೆಯುಳಿಕೆ ಮೂಲದ ಈ ಮೀಥೇನ್ 20 ವರ್ಷಗಳ ಅವಧಿಯಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 82 ಪಟ್ಟು, 100 ವರ್ಷಗಳಲ್ಲಿ ಸುಮಾರು 30 ಪಟ್ಟು ಶಾಖ ಹಿಡಿಯುತ್ತದೆ. ಆ ಒಂದು ಪೈಪಿನಿಂದ ವರ್ಷಕ್ಕೆ ಹೋಗುವ 3.65 ಟನ್ ಮೀಥೇನ್, 20 ವರ್ಷದ ಲೆಕ್ಕದಲ್ಲಿ 300 ಟನ್ ಇಂಗಾಲದ ಡೈಆಕ್ಸೈಡಿಗೆ ಸಮ. ಮೀಥೇನ್ ಗಾಳಿಯಲ್ಲಿ ಉಳಿಯುವುದು ಸರಾಸರಿ 12 ವರ್ಷ. ಆದ್ದರಿಂದ ಇಂದು ನಿಲ್ಲಿಸಿದ ಸೋರಿಕೆಯ ಫಲ ನಮ್ಮ ಆಯುಷ್ಯದಲ್ಲೇ ಕಾಣುತ್ತದೆ.

ಸುರಕ್ಷತೆಯೇ ಬೇರೆ, ಹವಾಮಾನವೇ ಬೇರೆ ಎಂಬ ನಿಮ್ಮ ಮಾತನ್ನು ನಾವು ಒಪ್ಪುವುದಿಲ್ಲ. ನೆಲದಡಿಯ ಸೋರಿಕೆ ಇದ್ದಲ್ಲೇ ಇರುವುದಿಲ್ಲ. ಮೀಥೇನಿನ ತೂಕ ಗಾಳಿಯ ಅರ್ಧಕ್ಕಿಂತ ತುಸು ಹೆಚ್ಚು, ಹಾಗಾಗಿ ಸಡಿಲ ಮಣ್ಣಿದ್ದರೆ ಮೇಲೆದ್ದು ಹೋಗಿಬಿಡುತ್ತದೆ. ಅದೇ ನೆಲಕ್ಕೆ ಕಾಂಕ್ರೀಟ್ ಹಾಸಿದರೆ, ಅಥವಾ ಮಳೆ ನೀರು ಕುಡಿದು ಮಣ್ಣು ಮುಚ್ಚಿಕೊಂಡರೆ, ಗ್ಯಾಸ್ ಅಡ್ಡಕ್ಕೆ ಹರಿಯುತ್ತದೆ. ಒಳಚರಂಡಿ ಪೈಪು, ಕೇಬಲ್ ಹಾಕಿದ ಕೊಳವೆ ಹಿಡಿದು ಮನೆಯೊಳಕ್ಕೆ ಬರುತ್ತದೆ. ಬರುವ ದಾರಿಯಲ್ಲಿ ವಾಸನೆಗೆಂದು ಬೆರೆಸಿದ ಮರ್ಕ್ಯಾಪ್ಟನ್ನನ್ನು ಮಣ್ಣು ಹೀರಿಕೊಳ್ಳುವುದೂ ಉಂಟು. ಆಗ ಮನೆಯೊಳಗಿನವರಿಗೆ ಮೂಗಿನ ಎಚ್ಚರಿಕೆಯೂ ಸಿಗುವುದಿಲ್ಲ. ಬಯಲಿನ ಸೋರಿಕೆಯೆಂದು ಬಿಟ್ಟದ್ದು ರಸ್ತೆಗೆ ವೈಟ್ ಟಾಪಿಂಗ್ ಆದ ಮೇಲೆ ಒಂದನೇ ದರ್ಜೆಯದಾಗಬಹುದು. ರಸ್ತೆ ಮುಚ್ಚುವ ಮೊದಲು ಕೆಳಗಿನ ಗ್ಯಾಸ್ ಪೈಪಿನ ಸೋರಿಕೆ ತಪಾಸಣೆ ನಮ್ಮ ನಗರಗಳಲ್ಲಿ ಕಡ್ಡಾಯವಾಗಲೇಬೇಕು.

ಅಮೆರಿಕದ ಸಂಸತ್ತು 2020ರ ಡಿಸೆಂಬರಿನ ಕಾಯ್ದೆಯಲ್ಲಿ ಸುರಕ್ಷತೆಯ ಜತೆಗೆ ಪರಿಸರವನ್ನೂ ಸೇರಿಸಿ ನಿಯಮ ಮಾಡಿರೆಂದಿತು. 2023ರ ಮೇನಲ್ಲಿ ಬಂದ ಕರಡು ಎರಡನೇ ದರ್ಜೆಗೆ 6 ತಿಂಗಳು, ಮೂರನೆಯದಕ್ಕೂ 24 ತಿಂಗಳ ಗಡುವು ಹಾಕಿತ್ತು. ವಾಣಿಜ್ಯ ಪ್ರದೇಶದ ಹೊರಗೆ 5 ವರ್ಷಕ್ಕೊಮ್ಮೆ ನಡೆಯುತ್ತಿದ್ದ ತಪಾಸಣೆ 3 ವರ್ಷಕ್ಕೊಮ್ಮೆ ಆಗಬೇಕಿತ್ತು. ಅಂತಿಮ ನಿಯಮ 2025ರ ಜನವರಿಯಲ್ಲಿ ಸಿದ್ಧವಾಗಿತ್ತು. ಸರ್ಕಾರ ಬದಲಾಗಿ, ಗೆಜೆಟ್ಟಿನಲ್ಲಿ ಅಚ್ಚಾಗುವ ಮುನ್ನವೇ ಅದನ್ನು ಹಿಂಪಡೆದರು. ಇದು ನಿಜಕ್ಕೂ ನಷ್ಟ. ಐರೋಪ್ಯ ಒಕ್ಕೂಟದ ಮೀಥೇನ್ ಕಾನೂನು 2024ರ ಆಗಸ್ಟಿನಿಂದ ಜಾರಿಯಲ್ಲಿದೆ.

ಈಗ ನಮ್ಮ ಕಡೆಗೆ. ದಾಭೋಲ್–ಬೆಂಗಳೂರು ಪೈಪ್‌ಲೈನ್ 2013ರಲ್ಲಿ, ಕೊಚ್ಚಿ–ಮಂಗಳೂರು ಪೈಪ್‌ಲೈನ್ 2021ರಲ್ಲಿ ಚಾಲೂ ಆದವು. ನಗರ ಜಾಲದಲ್ಲಿ ಉಕ್ಕಿನ ಪೈಪಿನಿಂದ ಬರುವ ಒತ್ತಡವನ್ನು 4 ಬಾರ್‌ಗೆ ಇಳಿಸಿ ಪ್ಲಾಸ್ಟಿಕ್ ಪೈಪಿಗೆ ಬಿಡುತ್ತಾರೆ. ನಿಮ್ಮ ಒಲೆಯ ಹತ್ತಿರ ಅದು 21 ಮಿಲಿಬಾರ್ ಮಾತ್ರ. ಈ ಪ್ಲಾಸ್ಟಿಕ್ ಪೈಪಿಗೆ ತುಕ್ಕಿಲ್ಲ, ಅದು ಕೈಕೊಡುವುದು ಕರೆಂಟಿನಿಂದ ಕಾಯಿಸಿ ಬೆಸೆಯುವ ಜಾಯಿಂಟಿನಲ್ಲಿ. ಪೈಪಿನ ಮೇಲ್ಪದರವನ್ನು ಸರಿಯಾಗಿ ಕೆರೆಯದಿದ್ದರೆ, ಧೂಳು ಅಥವಾ ತೇವ ಉಳಿದರೆ, ಆರುವ ಮೊದಲೇ ಅಲುಗಾಡಿಸಿದರೆ ಬೆಸುಗೆ ಹಿಡಿಯುವುದಿಲ್ಲ. ಮೊದಲ ದಿನ ಒತ್ತಡ ಪರೀಕ್ಷೆ ಪಾಸಾದ ಜಾಯಿಂಟೂ ವರ್ಷಗಳ ಮೇಲೆ ಬಿಡಬಹುದು. ಉಕ್ಕಿನ ಪೈಪಿಗೆ ಹೊರಗಿನಿಂದ ಲೇಪನ ಮತ್ತು ತುಕ್ಕು ತಡೆಯುವ ವಿದ್ಯುತ್ ರಕ್ಷಣೆ ಇರುತ್ತದೆ, ಆದರೆ ಅದು ಒಳಗಿನ ತುಕ್ಕನ್ನು ತಡೆಯದು. ಆಂಧ್ರದ ಅಂದಿನ ಪೂರ್ವ ಗೋದಾವರಿ ಜಿಲ್ಲೆಯ ನಗರಂನಲ್ಲಿ 2014ರ ಜೂನ್ 27ರ ಬೆಳಗಿನ ಜಾವ ಸಿಡಿದ 18 ಇಂಚಿನ ಪೈಪಿನಲ್ಲಿ ನೀರು ಬೆರೆತ ಗ್ಯಾಸ್ ಹರಿದು ಒಳಗೇ ತುಕ್ಕು ತಿಂದಿತ್ತು. 20ಕ್ಕೂ ಹೆಚ್ಚು ಜನ ಸುಟ್ಟು ಸತ್ತರು.

ಆದರೂ ನಗರದೊಳಗೆ ನಾವು ಹೆಚ್ಚು ಹೆದರಬೇಕಾದ್ದು ಜೆಸಿಬಿಗೆ. ನಿಮ್ಮ ಮನೆಯ ಮುಂದೆ ಯಾರೇ ಅಗೆಯಲು ಬಂದರೂ ಗ್ಯಾಸ್ ಕಂಪನಿಗೆ ತಿಳಿಸಿದ್ದೀರಾ ಎಂದು ಕೇಳಿ. ಅಗೆಯುವವರು ಪೈಪು, ಕೇಬಲ್‌ಗಳ ಮಾಲೀಕರಿಗೆ ಮುಂಚೆಯೇ ತಿಳಿಸಲೆಂದೇ ಕೇಂದ್ರ ಸರ್ಕಾರ 2023ರ ಮಾರ್ಚಿನಲ್ಲಿ 'ಕಾಲ್ ಬಿಫೋರ್ ಯು ಡಿಗ್' ಆ್ಯಪ್ ತಂದಿದೆ. ಪೈಪಿಗೆ ಬಕೆಟ್ ತಾಗಿ ಬರೀ ಗೀರು ಬಿದ್ದರೂ ಮಣ್ಣು ಮುಚ್ಚಲು ಬಿಡಬೇಡಿ, ಕಂಪನಿಯವರು ಬಂದು ನೋಡಲಿ.

ಮನೆಯಲ್ಲಿ ವಾಸನೆ ಬಂದರೆ ಸ್ವಿಚ್ ಹಾಕಬೇಡಿ, ಆರಿಸಲೂ ಬೇಡಿ. ಮೀಟರಿನ ಬಳಿಯ ವಾಲ್ವ್ ಮುಚ್ಚಿ, ಕಿಟಕಿ ತೆರೆದು ಹೊರಗೆ ಬಂದು ಫೋನ್ ಮಾಡಿ. ಸಿಲಿಂಡರ್ ಗ್ಯಾಸ್ ನೆಲದ ಮೇಲೆ ಹರಡಿದರೆ ಪೈಪ್ ಗ್ಯಾಸ್ ಸೂರಿಗೇರುತ್ತದೆ, ಆದ್ದರಿಂದ ಅಡುಗೆಮನೆಯ ಮೇಲಿನ ಗಾಳಿಕಿಂಡಿಯನ್ನು ಎಂದೂ ಮುಚ್ಚಬಾರದು. ಗಾಳಿಯಲ್ಲಿ ಶೇಕಡಾ 5 ಮೀಥೇನ್ ಸೇರಿದರೆ ಕಿಡಿಗೆ ಹೊತ್ತುತ್ತದೆ. ಶೇಕಡಾ 1ಕ್ಕೇ ಮೂಗಿಗೆ ತಿಳಿಯಬೇಕೆಂಬ ಲೆಕ್ಕದಲ್ಲಿ ವಾಸನೆ ಬೆರೆಸಿರುತ್ತಾರೆ. 1906 ಸಿಲಿಂಡರ್ ಗ್ಯಾಸಿನ ಸಹಾಯವಾಣಿ. ಪೈಪ್ ಗ್ಯಾಸಿಗೆ ನಿಮ್ಮ ಕಂಪನಿಯ ತುರ್ತು ನಂಬರನ್ನೇ ಬರೆದಿಟ್ಟುಕೊಳ್ಳಿ. ಬೀದಿಯಲ್ಲಿ ಪೈಪಿನ ಜಾಡಿನ ಮೇಲಿನ ಹುಲ್ಲೋ ಗಿಡವೋ ಕಾರಣವಿಲ್ಲದೆ ಒಣಗಿದರೆ ಅದನ್ನೂ ತಿಳಿಸಿ. ಸೋರಿದ ಗ್ಯಾಸ್ ಬೇರಿಗೆ ಆಮ್ಲಜನಕ ಸಿಗದಂತೆ ಮಾಡುತ್ತದೆ. ದೂರು ಕೊಟ್ಟಾಗ ನಂಬರ್, ತಾರೀಖು ಬರೆದುಕೊಳ್ಳಿ. ಬಂದವರು ಎಷ್ಟು ಅಳತೆ ಸಿಕ್ಕಿತು, ಯಾವಾಗ ಮುಚ್ಚುತ್ತೇವೆ ಎಂಬುದನ್ನು ಬರವಣಿಗೆಯಲ್ಲಿ ಕೊಡಲಿ.

– ಸಂಪಾದಕ